ನೀರಿಗೆ ಗಡಿಯಿಲ್ಲ, ಲೆಕ್ಕಕ್ಕೆ ಭಾಷೆಯಿದೆ

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಅಲ್ಲಿನ ಗೆಟ್ಟವಾಡಿಯ ಕನ್ನಡಿಗರೂ ನಮ್ಮಂತೆಯೇ ಗಡಿಯಾಚೆಯವರು. ನೀರಿಗೆ ಮಾತ್ರ ಗಡಿಯಿಲ್ಲ. ತಾಳವಾಡಿ ಬೆಟ್ಟಗಳ ಮಳೆನೀರು ಚಿಕ್ಕಹೊಳೆಯಾಗಿ ಚಾಮರಾಜನಗರದತ್ತ ಹರಿಯುತ್ತದೆ.

ಕೊಳವೆಬಾವಿಯಾದರೋ ನೆಲದೊಳಗಿನ ಉಳಿತಾಯವನ್ನೇ ಕರಗಿಸುತ್ತದೆ. ಒಬ್ಬರು ಆಳಕ್ಕೆ ಇಳಿದರೆ ನೆರೆಯವರ ಬಾವಿ ಬತ್ತೀತು. ಕೆರೆಯ ಹೂಳೆತ್ತಿದರೆ ನೀರು ಇಂಗುತ್ತದೆ. ದನಕರುಗಳಿಗೆ ಕುಡಿಯಲೂ ಮಕ್ಕಳಿಗೆ ಈಜಲೂ ಒದಗುತ್ತದೆ. ನಮ್ಮ ಹಿರಿಯರು ಗುಡ್ಡದಲ್ಲಿ ಸುರಂಗ ಕೊರೆದು, ತಾನಾಗಿ ಒಸರಿದಷ್ಟೇ ನೀರನ್ನು ಬಳಸಿದರು. ಆ ಮಿತಿಯೇ ಪಾಠ.

ಕೊಳವೆಬಾವಿಯ ನಿಯಮ, ಕೆರೆ ಕೆಲಸದ ಲೆಕ್ಕ ಕನ್ನಡದಲ್ಲಿಯೂ ದೊರೆಯಬೇಕೆಂದು ಅವರೂ ನಾವೂ ಗ್ರಾಮಸಭೆಗಳಲ್ಲಿ ಕೇಳೋಣ. ಓದಲಾಗದ ಲೆಕ್ಕವನ್ನು ಪ್ರಶ್ನಿಸುವುದು ಹೇಗೆ?