ಧ್ಯಾನವೂ ಬೇಕು, ವಿರಾಮವೂ ಬೇಕು

ಬೆಂಗಳೂರಿನ ಅನೇಕ ಕಂಪನಿಗಳು ಉದ್ಯೋಗಿಗಳಿಗಾಗಿ ‘ಮೈಂಡ್‌ಫುಲ್‌ನೆಸ್’ ಶಿಬಿರಗಳನ್ನು ಏರ್ಪಡಿಸುತ್ತಿವೆ. ಉಸಿರಾಟದ ಮೇಲೆ ಗಮನವಿರಿಸಿ, ಏಳುವ ಯೋಚನೆಗಳನ್ನು ಸಾಕ್ಷಿಯಂತೆ ನೋಡುವ ಈ ಅಭ್ಯಾಸದ ಬೇರು ಬೌದ್ಧರ ಸತಿಪಟ್ಠಾನದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಝಿನ್ ಅದನ್ನು ಒತ್ತಡ ನಿವಾರಣೆಯ ತರಬೇತಿಯಾಗಿ ರೂಪಿಸಿದರು. ಅದರಿಂದ ಆತಂಕ ಒಂದಿಷ್ಟು ತಗ್ಗುವುದು ನಿಜ. ನನ್ನ ಆಕ್ಷೇಪವಿರುವುದು ಅದನ್ನು ಬಳಸಿಕೊಳ್ಳುತ್ತಿರುವ ರೀತಿಗೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಬರ್ನ್‌ಔಟ್’ ಅನ್ನು ಉದ್ಯೋಗಸಂಬಂಧಿ ವಿದ್ಯಮಾನವೆಂದು ವರ್ಗೀಕರಿಸಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಅಧಿಕವೆಂದು ಅದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಡನೆ 2021ರಲ್ಲಿ ತಿಳಿಸಿತು. ಹೀಗಿದ್ದೂ 2024ರಲ್ಲಿ ನಮ್ಮ ರಾಜ್ಯದ ಐ.ಟಿ. ವಲಯದಲ್ಲಿ ದುಡಿಮೆಯನ್ನು ದಿನಕ್ಕೆ 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ಬಂತು. ನೌಕರರ ಸಂಘಟನೆ ಪ್ರತಿಭಟಿಸಬೇಕಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಬಾಹ್ಯ ವೆಚ್ಚ ಎನ್ನುತ್ತೇನೆ. ಕಾರ್ಖಾನೆ ತನ್ನ ಕೊಳೆಯನ್ನು ಕೆರೆಗೆ ಬಿಡುವಂತೆ, ಕಚೇರಿಯು ಅತಿದುಡಿಮೆಯ ಹೊರೆಯನ್ನು ಉದ್ಯೋಗಿಯ ದೇಹಕ್ಕೂ ಕುಟುಂಬಕ್ಕೂ ದಾಟಿಸುತ್ತದೆ. ಲಾಭ ಸಂಸ್ಥೆಯದು, ಆಸ್ಪತ್ರೆಯ ಬಿಲ್ಲು ಮನೆಯವರದು. ಧ್ಯಾನದಿಂದ ಈ ಲೆಕ್ಕ ಸರಿಹೋಗದು.

ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಕಂಡದ್ದಿಷ್ಟು: ಎಲ್ಲ ಕಡತಗಳ ಮೇಲೂ ‘ತುರ್ತು’ ಎಂದು ಬರೆದರೆ ಯಾವುದೂ ತುರ್ತಾಗಿ ಉಳಿಯುವುದಿಲ್ಲ. ಕೆಲಸದ ಆದ್ಯತೆ ನಿಗದಿಪಡಿಸುವುದು, ರಾತ್ರಿಯ ಕರೆಗಳಿಗೆ ಕಡಿವಾಣ ಹಾಕುವುದು ಮೇಲಧಿಕಾರಿಯ ಹೊಣೆ. ಉದ್ಯೋಗಿ ಬೆಳಿಗ್ಗೆ 10 ನಿಮಿಷ ಕಣ್ಮುಚ್ಚಿ ಕುಳಿತುಕೊಳ್ಳಲಿ. ಆಡಳಿತ ಮಂಡಳಿ ಕಣ್ತೆರೆದು ಹಾಜರಿ ಪುಸ್ತಕ ನೋಡಲಿ.