ಸೌರವ್ಯೂಹದ ಅಂಚಿಗೆ ಅಡ್ಡ ಬರುವ ಉಪಗ್ರಹಗಳು

2025ರ ಡಿಸೆಂಬರ್ 24ರಂದು ಶ್ರೀಹರಿಕೋಟಾದಿಂದ ಎಲ್‌ವಿಎಂ–3 ರಾಕೆಟ್ ಅಮೆರಿಕದ ಖಾಸಗಿ ಕಂಪನಿಯೊಂದರ ಬ್ಲೂಬರ್ಡ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ದೇಶ ಹೆಮ್ಮೆಪಟ್ಟಿತು. ನಾನೂ ಪಟ್ಟೆ. ಭಾರತದ ನೆಲದಿಂದ ಮೇಲೇರಿದ ಅತ್ಯಂತ ಭಾರದ ಉಪಗ್ರಹ ಅದು. ಅದರ ಆ್ಯಂಟೆನಾದ ವಿಸ್ತೀರ್ಣವೇ 223 ಚದರ ಮೀಟರ್. ಅಷ್ಟು ದೊಡ್ಡ ಹಲಗೆ ಬಿಸಿಲಿಗೆ ಎಷ್ಟು ಹೊಳೆಯುತ್ತದೆ, ಆ ಹೊಳಪಿನಿಂದ ಯಾರಿಗೆ ನಷ್ಟ ಎಂಬ ಪ್ರಶ್ನೆ ಮಾತ್ರ ಸಂಭ್ರಮದ ನಡುವೆ ನನ್ನ ಕಿವಿಗೆ ಬೀಳಲಿಲ್ಲ.

ನಷ್ಟಕ್ಕೆ ಗುರಿಯಾಗುವವರಲ್ಲಿ ಸೌರವ್ಯೂಹದ ಹೊರ ಅಂಚನ್ನು ಶೋಧಿಸುವ ಖಗೋಳ ವಿಜ್ಞಾನಿಗಳೂ ಇದ್ದಾರೆ. ನೆಪ್ಚೂನಿನ ಆಚೆಗಿನ ಕಾಯಗಳಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಅಲ್ಲಿಗೆ ತಲಪುವಷ್ಟರಲ್ಲಿ ಕ್ಷೀಣಿಸಿರುತ್ತದೆ. ಪ್ರತಿಫಲಿಸಿ ಹಿಂದಿರುಗುವಾಗ ಮತ್ತೊಮ್ಮೆ ಕ್ಷೀಣಿಸುತ್ತದೆ. ಆದ್ದರಿಂದ ಒಂದು ಕಾಯ ಎರಡು ಪಟ್ಟು ದೂರಕ್ಕೆ ಸರಿದರೆ ನಮಗೆ 16 ಪಟ್ಟು ಮಂಕಾಗಿ ಕಾಣುತ್ತದೆ. 2003ರಲ್ಲಿ ಪತ್ತೆಯಾದ ಸೆಡ್ನಾ ಸೂರ್ಯನನ್ನು ಒಂದು ಸುತ್ತು ಹಾಕಲು 11 ಸಾವಿರದಷ್ಟು ವರ್ಷ ತೆಗೆದುಕೊಳ್ಳುತ್ತದೆ. 2076ರ ಸುಮಾರಿಗೆ ಅದು ಸೂರ್ಯನಿಗೆ ಅತ್ಯಂತ ಸಮೀಪ ಬರುತ್ತದೆ. ಆ ‘ಸಮೀಪ’ವೂ ಭೂಮಿ–ಸೂರ್ಯರ ನಡುವಣ ದೂರದ 76 ಪಟ್ಟು! ಅದು ಹತ್ತಿರವಾಗುತ್ತಿದ್ದ ಕಾಲದಲ್ಲಿ ನಾವು ನೋಡಿದೆವು, ಸಿಕ್ಕಿತು. ಕಕ್ಷೆಯ ದೂರದ ತುದಿಯಲ್ಲಿದ್ದಿದ್ದರೆ ಸಿಗುತ್ತಿರಲಿಲ್ಲ.

ಇಂಥ ಕಾಯಗಳ ಕಕ್ಷೆಗಳು ಒಂದೇ ದಿಕ್ಕಿಗೆ ಗುಂಪುಗೂಡಿದಂತೆ ತೋರುವುದಕ್ಕೆ ಕಾಣದ ಒಂಬತ್ತನೆಯ ಗ್ರಹವೊಂದರ ಸೆಳೆತವೇ ಕಾರಣವೆಂದು ಕಾನ್ಸ್ಟಂಟೈನ್ ಬಟೀಗಿನ್ ಮತ್ತು ಮೈಕ್ ಬ್ರೌನ್ 2016ರಲ್ಲಿ ವಾದಿಸಿದರು. ನಾವು ಹುಡುಕಿದ ಕಡೆಯಷ್ಟೇ ಸಿಕ್ಕಿವೆ, ಗುಂಪು ಬರಿಯ ಭ್ರಮೆ ಎಂಬುದು ವಿರೋಧಿಗಳ ಉತ್ತರ. 2025ರಲ್ಲಿ ಪ್ರಕಟವಾದ ‘2017 ಒಎಫ್201’ ಎಂಬ ಕಾಯ ಆ ಗುಂಪಿಗೆ ಸೇರದೆ ವಿವಾದವನ್ನು ಇನ್ನಷ್ಟು ಬೆಳೆಸಿತು. ಬೆರಳೆಣಿಕೆಯ ಕಾಯಗಳನ್ನು ಹಿಡಿದುಕೊಂಡು ಇಂಥ ವ್ಯಾಜ್ಯ ತೀರುವುದಿಲ್ಲ, ಸಾವಿರಾರು ಬೇಕು. ಅದಕ್ಕೆಂದೇ ಚಿಲಿ ದೇಶದ ಪರ್ವತದ ಮೇಲೆ ವೆರಾ ರೂಬಿನ್ ವೀಕ್ಷಣಾಲಯ ತಲೆಯೆತ್ತಿದೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಅದರ ಮೊದಲ ಚಿತ್ರಗಳು ಹೊರಬಂದದ್ದು 2025ರ ಜೂನ್‌ನಲ್ಲಿ.

ಇಂಥ ಕಣ್ಣು ತೆರೆದಿರುವ ಹೊತ್ತಿನಲ್ಲೇ ಆಕಾಶದಲ್ಲಿ ಸಂದಣಿ ಹೆಚ್ಚಿದೆ. 2019ರ ಮೇ ತಿಂಗಳಲ್ಲಿ 60 ಉಪಗ್ರಹಗಳಿಂದ ಆರಂಭವಾದ ಸ್ಟಾರ್‌ಲಿಂಕ್ ಜಾಲದಲ್ಲಿ ಈಗ 9,000ಕ್ಕೂ ಹೆಚ್ಚು ಉಪಗ್ರಹಗಳಿವೆ. ಒಂದೊಂದು ದಾಟಿಹೋದಾಗಲೂ ದೂರದರ್ಶಕದ ಚಿತ್ರದಲ್ಲಿ ಬಿಳಿಯ ಗೆರೆ ಉಳಿಯುತ್ತದೆ. ಆ ಗೆರೆಯಡಿ ಏನಿತ್ತೆಂದು ತಿಳಿಯುವುದಿಲ್ಲ. ಹಾಗೆಂದು ಎಲ್ಲವೂ ಮುಳುಗಿಹೋಯಿತು ಎಂದೇನೂ ಅಲ್ಲ. ಒಂದೇ ಜಾಗವನ್ನು ಹಲವು ಸಲ ಚಿತ್ರಿಸುವುದರಿಂದ ಒಂದಷ್ಟು ನಷ್ಟ ತುಂಬಿಕೊಳ್ಳುತ್ತದೆ. ಕೆಳಕಕ್ಷೆಯ ಉಪಗ್ರಹಗಳ ಕಾಟ ಹೆಚ್ಚಾಗಿ ಮುಸ್ಸಂಜೆ, ಮುಂಜಾವುಗಳಲ್ಲಿ. ಎತ್ತರದವು ಹೆಚ್ಚು ಹೊತ್ತು ಬಿಸಿಲಲ್ಲಿರುತ್ತವೆ, ಹೆಚ್ಚು ಹೊತ್ತು ಕಾಡುತ್ತವೆ. ಗಾತ್ರದ ಸಮಸ್ಯೆ ಬೇರೆ. ಬ್ಲೂಬರ್ಡ್‌ನ ಪೂರ್ವಜ ಬ್ಲೂವಾಕರ್–3ರ ಆ್ಯಂಟೆನಾ ಬರೀ 64 ಚದರ ಮೀಟರಿನದು. ಅದೇ ಆಗಾಗ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರಗಳ ಸಾಲಿಗೆ ಏರಿತೆಂದು 2023ರ ಅಧ್ಯಯನ ತೋರಿಸಿತು.

ಇದು ಪರದೇಶದವರ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಒನ್‌ವೆಬ್‌ನ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ಹೊತ್ತೊಯ್ದದ್ದು ನಮ್ಮದೇ ರಾಕೆಟ್. ಇತ್ತ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೂರದರ್ಶಕಗಳಿರುವ ಲಡಾಖ್‌ನ ಹಾನ್ಲೆ ಪ್ರದೇಶ 2022ರಲ್ಲಿ ‘ಕತ್ತಲ ಆಕಾಶ’ದ ಮೀಸಲು ಪ್ರದೇಶವಾಯಿತು. ಅಲ್ಲಿನ ಹಳ್ಳಿಗರಿಗೆ ಕಿಟಕಿಗೆ ಪರದೆ ಹಾಕಿ, ದೀಪ ತಗ್ಗಿಸಿ ಎನ್ನುತ್ತೇವೆ; ಅವರು ಒಪ್ಪಿ ನಡೆಯುತ್ತಿದ್ದಾರೆ. ಕಂಪನಿಗಳಿಗೆ ಅಷ್ಟನ್ನು ಹೇಳಲು ನಮಗೇಕೆ ಸಂಕೋಚ? ಇದೇ ಸಂಸ್ಥೆಯ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1977ರ ಮಾರ್ಚ್ 10ರಂದು, ಯುರೇನಸ್ ಹಾದುಹೋಗುವ ವೇಳೆ ನಕ್ಷತ್ರವೊಂದರ ಬೆಳಕು ಕೆಲವು ಕ್ಷಣ ಕುಗ್ಗಿದ್ದನ್ನು ನಮ್ಮವರು ದಾಖಲಿಸಿದ್ದರು. ಅಮೆರಿಕನ್ನರು ವಿಮಾನದಿಂದ ಅದೇ ಘಟನೆಯನ್ನು ವೀಕ್ಷಿಸಿ ಪತ್ತೆಹಚ್ಚಿದ ಯುರೇನಸ್ಸಿನ ಉಂಗುರಗಳಿಗೆ ಆ ದಾಖಲೆಯೂ ಆಧಾರವಾಯಿತು. ಕ್ಷಣಗಳ ಲೆಕ್ಕದ ಕೆಲಸ ಇದು. ಆ ಕ್ಷಣದಲ್ಲೇ ಹೊಳೆಯುವ ಉಪಗ್ರಹವೊಂದು ಅಡ್ಡ ಬಂದಿದ್ದರೆ?

ಗುಡ್ಡಗಾಡಿನ ಶಾಲೆಗೆ ಅಂತರ್ಜಾಲ ಬೇಡವೆಂದು ನಾನು ಹೇಳುತ್ತಿಲ್ಲ. ಸ್ಟಾರ್‌ಲಿಂಕ್‌ಗೆ 2025ರಲ್ಲಿ ನಮ್ಮ ಸರ್ಕಾರ ಪರವಾನಗಿ ಕೊಟ್ಟಾಗ ತರಂಗಾಂತರದ ಬೆಲೆ, ದೇಶದ ಭದ್ರತೆ ಎರಡೂ ಚರ್ಚೆಯಾದವು. ಉಪಗ್ರಹದ ಹೊಳಪೂ ಆ ಪಟ್ಟಿಗೆ ಸೇರಬೇಕು. ಬರಿಗಣ್ಣಿಗೆ ಕಾಣದಷ್ಟು ಮಂಕಾಗಿರಬೇಕೆಂಬ ಮಿತಿಯನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಈಗಾಗಲೇ ಸೂಚಿಸಿದೆ. ಅನುಮತಿ ನೀಡುವ ಅಧಿಕಾರ ಇನ್‌–ಸ್ಪೇಸ್ ಸಂಸ್ಥೆಯ ಕೈಯಲ್ಲಿದೆ. ಮುಂದಿನ ವಿದೇಶಿ ಉಪಗ್ರಹಕ್ಕೆ ಒಪ್ಪಿಗೆ ಕೊಡುವ ಮುನ್ನ ಅದು ಈ ಮಿತಿಯನ್ನೂ ಷರತ್ತಾಗಿ ಬರೆದುಕೊಳ್ಳಲಿ.