ಮನೆವಾರ್ತೆ: ಮಾತು ಬಿಟ್ಟ ಗಿಟಾರು

ಓದುಗರೇ, ದೀಪಾವಳಿಗೆ ಅಟ್ಟ ಗುಡಿಸುವಾಗ ಮಕ್ಕಳ ಹಳೆಯ ವಿಡಿಯೋ ಗೇಮಿನ ಗಿಟಾರು ಕೈಗೆ ಸಿಕ್ಕರೆ ಕೂಡಲೇ ಗುಜರಿಯವನನ್ನು ಕೂಗಬೇಡಿ. ‘ಗಿಟಾರ್ ಹೀರೋ’ ಆಟ ಬಂದದ್ದು 2005ರಲ್ಲಿ. ಅದರ ಮೂರನೆಯ ಆವೃತ್ತಿ 2007ರಲ್ಲಿ ಬಂದಾಗ ಜೊತೆಗೆ ಬಂದ ಗಿಟಾರಿಗೆ ನುಡಿಸಲೂ ತಂತಿಯಿಲ್ಲ, ಟಿ.ವಿ.ಗೆ ಜೋಡಿಸಲೂ ತಂತಿಯಿಲ್ಲ! ಆ ಮಾದರಿ ಈಗ ತಯಾರಾಗುವುದಿಲ್ಲ, ಎಸೆದರೆ ಎಸೆದಂತೆಯೇ.

ಅದು ಕೆಲಸ ಮಾಡದಿದ್ದರೆ ಮೊದಲು ಸೆಲ್ ನೋಡಿ. ವರ್ಷಗಟ್ಟಲೆ ಒಳಗೇ ಉಳಿದ ಪೆನ್ಸಿಲ್ ಸೆಲ್ ಸೋರಿ, ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದಿರುತ್ತದೆ. ಸೆಲ್ ತೆಗೆದು, ಹತ್ತಿಗೆ ಒಂದೆರಡು ತೊಟ್ಟು ವಿನೆಗರ್ ಹಾಕಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಬರಿಗೈಯಲ್ಲಿ ಮುಟ್ಟಬೇಡಿ. ಹೊಸ ಸೆಲ್ಲಿನ ಜೊತೆ ಹಳೆಯದನ್ನು ಬೆರೆಸಬೇಡಿ.

ದೀಪ ಮಿನುಗುತ್ತದೆ, ಆದರೆ ಟಿ.ವಿ.ಯಲ್ಲಿ ಏನೂ ಕದಲುವುದಿಲ್ಲ ಎನ್ನುವಿರಾ? ಪ್ಲೇಸ್ಟೇಷನ್ 3ರ ಗಿಟಾರಾದರೆ ಪೆನ್ ಡ್ರೈವಿನಂಥ ಪುಟ್ಟ ರಿಸೀವರೊಂದು ಆಟದ ಪೆಟ್ಟಿಗೆಗೆ ಸಿಕ್ಕಿಸಿರಬೇಕು. ಸಂಕೇತ ಹಿಡಿಯುವುದು ಅದೇ. ಅದು ಕಳೆದರೆ ಗಿಟಾರು ಬರೀ ಪ್ಲಾಸ್ಟಿಕ್. ಹಬ್ಬದ ಕಸದ ಜೊತೆ ಹೋಗುವುದೂ ಹೆಚ್ಚಾಗಿ ಇಂಥದ್ದೇ ಸಾಮಾನು. ಚೀಲವೊಂದರಲ್ಲಿ ಹಾಕಿ ಗಿಟಾರಿಗೇ ಕಟ್ಟಿಡಿ. ವೀ ಆಟದ ಗಿಟಾರಿನಲ್ಲಿ ಈ ಚಿಂತೆಯಿಲ್ಲ, ಅದರ ರಿಮೋಟೇ ಹೊಟ್ಟೆಯೊಳಗೆ ಕೂರುತ್ತದೆ.

ಇನ್ನು ಮೀಟುವ ಪಟ್ಟಿ ಕೆಲಸ ಮಾಡುತ್ತದೆ, ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಗುಂಡಿಗಳು ಐದೂ ಸತ್ತಿವೆ ಎಂದರೆ ದೋಷ ಕುತ್ತಿಗೆಯದು. ಈ ಮಾದರಿಯಲ್ಲಿ ಕುತ್ತಿಗೆಯನ್ನು ಕಳಚಬಹುದು. ಕುತ್ತಿಗೆ ಮತ್ತು ಒಡಲು ಸೇರುವ ಕಡೆ ಲೋಹದ ಸಣ್ಣ ಸಂಪರ್ಕಗಳಿವೆ. ಅಲ್ಲಿ ಧೂಳು ಕೂತರೆ ಬೆರಳ ಮಾತು ಹೊಟ್ಟೆಗೆ ತಲುಪದು. ಸೆಲ್ ತೆಗೆದಿಟ್ಟು, ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಗೆ ಸ್ಪಿರಿಟ್ ಮುಟ್ಟಿಸಿ ಮೆಲ್ಲಗೆ ಒರೆಸಿ. ಒಣಗಿದ ಮೇಲೆ ಬಿಗಿಯಾಗಿ ಕೂಡಿಸಿ. ಒಂದೇ ಗುಂಡಿ ಸತ್ತಿದ್ದರೆ ಮಾತ್ರ ರಿಪೇರಿಯವನ ಕೆಲಸ.

ಕೊನೆಯದೊಂದು ತಮಾಷೆಯಿದೆ. ಗುಂಡಿ, ಪಟ್ಟಿ ಎಲ್ಲವೂ ಸರಿ; ಆದರೂ ತಾಳ ತಪ್ಪುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮೊಮ್ಮಗನನ್ನು ಹಾಸ್ಯ ಮಾಡಬೇಡಿ, ಇಲ್ಲಿ ನೆಲವೇ ಡೊಂಕು! ಈಗಿನ ಚಪ್ಪಟೆ ಟಿ.ವಿ. ಚಿತ್ರವನ್ನು ತಿದ್ದಿ ತೋರಿಸಲು ಕ್ಷಣದ ಒಂದಂಶ ತಡಮಾಡುತ್ತದೆ. ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿ, ಆಟದ ಸೆಟ್ಟಿಂಗ್‌ನಲ್ಲಿ ‘ಕ್ಯಾಲಿಬ್ರೇಷನ್’ ಮಾಡಿ.

ಇಷ್ಟೆಲ್ಲ ಯಾಕೆ ಎನ್ನಬಹುದು. ರಜೆಗೆ ಬಂದ ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂರುವ ಕಾಲವಿದು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಅಜ್ಜನ ಕೈಗೂ ಒಂದು ಸರದಿ ಕೊಡುವ ಆಟಿಕೆಗಾಗಿ ಅರ್ಧ ಗಂಟೆ ಖರ್ಚಾದರೆ ನಷ್ಟವಿಲ್ಲ. ಆಟ ಮುಗಿದ ಮೇಲೆ ಸೆಲ್ ತೆಗೆದಿಡಲು ಮಾತ್ರ ಮರೆಯಬೇಡಿ.